ಎರಡು ದಾರದ ಮಾತು

1999ರ ಲೋಕಸಭಾ ಚುನಾವಣೆ ಕಂಡ ಬಳ್ಳಾರಿಯವರನ್ನು ಮಾತಿಗೆಳೆಯಿರಿ. ಸೋನಿಯಾ ಗಾಂಧಿ ಬಂದು ನಾಮಪತ್ರ ಹಾಕಿದ್ದು, ಎದುರಾಗಿ ಸುಷ್ಮಾ ಸ್ವರಾಜ್ ನಿಂತಿದ್ದು, ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ರೂಢಿಸಿಕೊಂಡು ಸಭೆಗಳಲ್ಲಿ ಮಾತಾಡಿದ್ದು, ಎಲ್ಲವನ್ನೂ ಅವರು ನಿನ್ನೆ ಮೊನ್ನೆ ನಡೆದಂತೆ ಹೇಳುತ್ತಾರೆ. ಆ ಸಭೆಗಳಲ್ಲಿ ಯಾರು ಏನು ಹೇಳಿದರು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಗಂಟೆಗಟ್ಟಲೆ ಮೈಕಿನಲ್ಲಿ ಹರಿದ ಮಾತು ಎಲ್ಲೋ ಹೋಗಿದೆ. ಉಳಿದಿರುವುದು ಒಂದು ಸಾಲು: ‘ಸ್ವದೇಶಿ ಮಗಳು, ವಿದೇಶಿ ಸೊಸೆ.’

ಹೀಗೆ ಉಳಿಯುವ ತುಣುಕನ್ನು ಪತ್ರಕರ್ತರು ಸೌಂಡ್ ಬೈಟ್ ಎನ್ನುತ್ತಾರೆ. ಈ ಅಧ್ಯಾಯದಲ್ಲಿ ಅದನ್ನು ನಿಲುನುಡಿ ಎಂದು ಕರೆಯುತ್ತೇನೆ. ರಾಜಕೀಯದ ಘೋಷಣೆ, ಮನೆಯಲ್ಲಿ ಅಜ್ಜಿ ಆಡುವ ಗಾದೆ, ಜಗಳದಲ್ಲಿ ಒಬ್ಬರ ಬಾಯಿಂದ ಬಂದು ಊರೆಲ್ಲ ತಿರುಗುವ ಮಾತು, ಎಲ್ಲವೂ ಈ ಜಾತಿಯವೇ. ನಾವು ದಿನಕ್ಕೆ ಸಾವಿರಾರು ವಾಕ್ಯ ಕೇಳುತ್ತೇವೆ. ಅವುಗಳಲ್ಲಿ ಇವು ಮಾತ್ರ ಪದಪದವಾಗಿ ಏಕೆ ನಿಲ್ಲುತ್ತವೆ?

ಪದ ಹೋಗುತ್ತದೆ, ಅರ್ಥ ಉಳಿಯುತ್ತದೆ

ಇದು ಎಷ್ಟು ವಿಚಿತ್ರವಾದ ಸಂಗತಿ ಎಂದು ತಿಳಿಯಲು 1967ರಲ್ಲಿ ಜಾಕ್ವೆಲಿನ್ ಸ್ಯಾಕ್ಸ್ ಎಂಬ ಅಮೆರಿಕದ ಸಂಶೋಧಕಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡಬೇಕು. ಆಕೆ ಜನರಿಗೆ ಸಣ್ಣ ಸಣ್ಣ ಕಥನಗಳನ್ನು ಕೇಳಿಸಿದರು. ನಡುವೆ ನಿಲ್ಲಿಸಿ ಒಂದು ವಾಕ್ಯ ಓದಿ, ಇದನ್ನು ಈಗಾಗಲೇ ಹೀಗೆಯೇ ಕೇಳಿದ್ದೀರಾ, ಏನಾದರೂ ಬದಲಾಗಿದೆಯಾ ಎಂದು ವಿಚಾರಿಸಿದರು. ವಾಕ್ಯ ಕಿವಿಗೆ ಬಿದ್ದ ಕೂಡಲೇ ಕೇಳಿದಾಗ ಪದಗಳ ಸಣ್ಣ ಅದಲುಬದಲನ್ನೂ ಜನ ಹಿಡಿದರು. ಅರ್ಧ ನಿಮಿಷದಷ್ಟು ಬೇರೆ ಮಾತು ನಡುವೆ ಹರಿದಿದ್ದರೆ ಆ ಹಿಡಿತ ತಪ್ಪಿತು. ಅರ್ಥ ಬದಲಾದರೆ ಆಗಲೂ ಗೊತ್ತಾಗುತ್ತಿತ್ತು. ಅರ್ಥ ಹಾಗೆಯೇ ಇದ್ದು ಪದಗಳಷ್ಟೇ ಬದಲಾದರೆ ಗೊತ್ತಾಗುತ್ತಿರಲಿಲ್ಲ.

ನಮ್ಮ ಮಿದುಳಿನ ರೂಢಿಯೇ ಇದು. ಮಾತಿನಿಂದ ಅರ್ಥವನ್ನು ತೆಗೆದುಕೊಂಡು ಪದಗಳನ್ನು ಬಿಟ್ಟುಬಿಡುತ್ತದೆ. ಒಳ್ಳೆಯ ರೂಢಿ. ಕೇಳಿದ್ದನ್ನೆಲ್ಲ ಅಕ್ಷರಶಃ ಹೊತ್ತುಕೊಂಡರೆ ಯಾವುದನ್ನೂ ಅರಗಿಸಿಕೊಳ್ಳಲಾಗದು. ಆದ್ದರಿಂದ ನಿಲುನುಡಿಯೊಂದು ಇಪ್ಪತ್ತೈದು ವರ್ಷ ಅಕ್ಷರ ಬದಲಾಗದೆ ಉಳಿದರೆ, ಈ ರೂಢಿಯನ್ನು ದಾಟುವ ಏನೋ ಒಂದು ಅದರ ಕಟ್ಟಡದಲ್ಲೇ ಇರಬೇಕು.

ಆಟೋ ದಾಟುವಷ್ಟು ಹೊತ್ತು

ಮೊದಲ ಷರತ್ತು ಅಳತೆಯದು. 1974ರಲ್ಲಿ ಬ್ರಿಟನ್ನಿನ ಆ್ಯಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಕ್ಷಣಿಕ ನೆನಪಿನ ಒಂದು ಚಿತ್ರ ಕೊಟ್ಟರು. ಕೇಳಿದ ದನಿಯನ್ನು ಮನಸ್ಸು ತನ್ನೊಳಗೇ ಮತ್ತೆ ಮತ್ತೆ ಹೇಳಿಕೊಂಡು ಕೊಂಚ ಹೊತ್ತು ಹಿಡಿದಿಡುತ್ತದೆ ಎಂಬುದು ಅದರ ಒಂದು ಭಾಗ. ಈ ಒಳದನಿಯ ಸುತ್ತಿನಲ್ಲಿ ಎಷ್ಟು ಹಿಡಿಯುತ್ತದೆ? ಪದಗಳ ಎಣಿಕೆಗಿಂತ ಹೇಳಲು ಬೇಕಾಗುವ ಹೊತ್ತು ಮುಖ್ಯ ಎಂದು ಮರುವರ್ಷದ ಪ್ರಯೋಗಗಳು ತೋರಿಸಿದವು. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತನ್ನು ನಾವು ಅನಾಯಾಸವಾಗಿ ಹಿಡಿದಿಡಬಲ್ಲೆವು.

ಚುನಾವಣೆ ಬಂದಾಗ ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ಪ್ರಚಾರದ ಆಟೋ ಓಣಿಯಲ್ಲಿ ಹಾದುಹೋಗುತ್ತದೆ. ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತವರಿಗೆ ಅದರ ಮಾತು ಸ್ಪಷ್ಟವಾಗಿ ಕೇಳುವುದು ಕೆಲವೇ ಕ್ಷಣ. ಅಭ್ಯರ್ಥಿಯ ಸಾಧನೆಗಳ ಉದ್ದನೆಯ ಪಟ್ಟಿ ಅರ್ಧದಲ್ಲೇ ತುಂಡಾಗುತ್ತದೆ. ಎರಡು ಸೆಕೆಂಡಿನ ಘೋಷಣೆ ಇಡಿಯಾಗಿ ಒಳಗೆ ಬರುತ್ತದೆ. ಟಿವಿಯೂ ಇದೇ ದಾರಿ ಹಿಡಿದಿದೆ. ಅಮೆರಿಕದ ಅಧ್ಯಕ್ಷ ಚುನಾವಣೆಯ ಸುದ್ದಿಯಲ್ಲಿ ಅಭ್ಯರ್ಥಿಯ ಸ್ವಂತ ದನಿ 1968ರಲ್ಲಿ ಒಂದು ಸಲಕ್ಕೆ ಸರಾಸರಿ ನಲವತ್ತು ಸೆಕೆಂಡಿಗೂ ಹೆಚ್ಚು ಕೇಳುತ್ತಿತ್ತು. ಡೇನಿಯಲ್ ಹ್ಯಾಲಿನ್ ಎಂಬ ಸಂಶೋಧಕ ಅಳೆದು ನೋಡಿದಾಗ 1988ರ ಹೊತ್ತಿಗೆ ಅದು ಹತ್ತು ಸೆಕೆಂಡಿಗಿಂತ ಕೆಳಗಿಳಿದಿತ್ತು.

ಗಿಡ್ಡವಾಗಿರುವುದೊಂದೇ ಸಾಲದು. ‘ನಾಳೆ ಬೆಳಗ್ಗೆ ನೀರು ಬರುತ್ತದೆ’ ಎಂಬುದೂ ಗಿಡ್ಡ ಮಾತೇ. ನೀರು ಬಂದ ಮೇಲೆ ಅದನ್ನು ಯಾವ ಪದಗಳಲ್ಲಿ ಹೇಳಿದ್ದರೆಂದು ಯಾರಿಗೂ ನೆನಪಿರುವುದಿಲ್ಲ.

ಸೂಜಿಯ ದಾರ, ಬಾಬಿನ್ ದಾರ

ಬಳ್ಳಾರಿಯ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು ಕೇಳದವರು ಕಡಿಮೆ. ಸಾದಾ ಹೊಲಿಗೆ ಮಿಷನ್ನಿನಲ್ಲಿ ಎರಡು ದಾರಗಳಿರುತ್ತವೆ. ಒಂದು ಮೇಲಿನಿಂದ ಸೂಜಿಯೊಡನೆ ಇಳಿಯುತ್ತದೆ, ಇನ್ನೊಂದು ಕೆಳಗೆ ಬಾಬಿನ್‌ನಲ್ಲಿರುತ್ತದೆ. ಪ್ರತಿ ಹೊಲಿಗೆಯಲ್ಲೂ ಇವೆರಡೂ ಬಟ್ಟೆಯ ನಡುವೆ ಒಂದನ್ನೊಂದು ಸುತ್ತಿ ಹಿಡಿಯುತ್ತವೆ. ಬಾಬಿನ್ ಖಾಲಿಯಾಗಿದ್ದು ಗೊತ್ತಾಗದೆ ಹೊಲಿಯುತ್ತಾ ಹೋದರೆ, ಮೇಲೆ ಹೊಲಿಗೆ ಬಿದ್ದ ಹಾಗೆ ಕಂಡರೂ ಎಳೆದ ಕೂಡಲೇ ದಾರ ಕಿತ್ತು ಬರುತ್ತದೆ. ನಿಲುನುಡಿಯ ಗುಟ್ಟು ಇಷ್ಟೇ. ಅದರಲ್ಲಿ ಅರ್ಥದ ದಾರವೊಂದು, ದನಿಯ ದಾರವೊಂದು. ಎರಡೂ ಒಂದೊಂದು ಪದದಲ್ಲಿ ಕೂಡಿ ಬಿಗಿಯುತ್ತವೆ.

ಇದನ್ನು ಕೂತಲ್ಲೇ ಪರೀಕ್ಷಿಸಬಹುದು. ಹಾಲಿನಿಂದ ಆಗುವ ಪದಾರ್ಥ ಒಂದನ್ನು ಹೇಳಿ ಎಂದರೆ ಬೆಣ್ಣೆ, ತುಪ್ಪ, ಮಜ್ಜಿಗೆ, ಪೇಡೆ, ಏನು ಬೇಕಾದರೂ ಬರಬಹುದು. ‘ಸರು’ ಎಂದು ಮುಗಿಯುವ ಪದ ಹೇಳಿ ಎಂದರೆ ಹೆಸರು, ಕೆಸರು, ಕೊಸರು. ಅರ್ಥದ ಸುಳಿವೊಂದೇ ಇದ್ದರೆ ದಾರಿ ಹಲವು, ದನಿಯ ಸುಳಿವೊಂದೇ ಇದ್ದರೂ ಹಲವು. ಈಗ ಎರಡನ್ನೂ ಸೇರಿಸಿ: ಹಾಲಿನಿಂದ ಆಗಬೇಕು, ‘ಸರು’ ಎಂದು ಮುಗಿಯಬೇಕು. ಮೊಸರು ಬಿಟ್ಟರೆ ಬೇರೆ ಉತ್ತರವಿಲ್ಲ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ರೂಬಿನ್ ಮತ್ತು ವಾಂಡಾ ವಾಲೇಸ್ 1989ರಲ್ಲಿ ಇಂಗ್ಲಿಷ್ ಪದಗಳ ಮೇಲೆ ಮಾಡಿದ ಪ್ರಯೋಗ ಇದೇ ಬಗೆಯದು. ಒಂಟಿ ಸುಳಿವಿಗೆ ಉದ್ದೇಶಿತ ಪದ ಬಂದದ್ದು ಅಪರೂಪ. ಎರಡು ಸುಳಿವು ಕೂಡಿದಾಗ ಬಹುತೇಕ ಎಲ್ಲರೂ ಅದೇ ಪದ ಹೇಳಿದರು. ಎರಡರ ಕೂಡಿಕೆ ಒಂದರ ಇಮ್ಮಡಿಗಿಂತ ಎಷ್ಟೋ ಪಟ್ಟು ಬಲವಾದದ್ದು.

‘ಕೈ ಕೆಸರಾದರೆ ಬಾಯಿ ಮೊಸರು’ ಗಾದೆ ಪೂರ್ತಿ ಈ ಹೊಲಿಗೆಯಿಂದ ನಿಂತಿದೆ. ಕೈ ಎಂದರೆ ಬಾಯಿ ಬೇಕು, ದುಡಿಮೆಗೆ ಊಟ ಬೇಕು. ಇದು ಅರ್ಥದ ಎಳೆತ. ಕೆಸರು ಎಂದ ಮೇಲೆ ಕಿವಿ ‘ಸರು’ವಿಗಾಗಿ ಕಾಯುತ್ತದೆ, ಇದು ದನಿಯ ಎಳೆತ. ತುಂಗಭದ್ರೆಯ ನೀರು ಕಂಡ ಸಿರುಗುಪ್ಪದ ಭತ್ತದ ಗದ್ದೆಗಳ ಸುತ್ತ ಈ ಗಾದೆಗೆ ಅರ್ಥ ವಿವರಿಸಬೇಕಿಲ್ಲ. ಈ ಭಾಗದಲ್ಲಿ ದಿನದ ಮಾತಿನಲ್ಲಿ ಕೆಸರಿಗೆ ರಾಡಿ ಎನ್ನುವವರು ಬಹಳ. ಕಾಲು ರಾಡಿಯಾಗುತ್ತದೆ, ಅಂಗಳ ರಾಡಿಯಾಗುತ್ತದೆ. ಗಾದೆಯಲ್ಲಿ ಮಾತ್ರ ಕೈ ಯಾವತ್ತೂ ಕೆಸರೇ ಆಗುತ್ತದೆ. ಯಾರಾದರೂ ‘ಕೈ ರಾಡಿಯಾದರೆ ಬಾಯಿ ಮೊಸರು’ ಎಂದರೆ ಅರ್ಥ ಒಂದಿಷ್ಟೂ ಕೆಡದು, ಆದರೆ ಎದುರಿಗಿದ್ದವರು ಕೂಡಲೇ ತಿದ್ದುತ್ತಾರೆ. ಆಡುವ ಮಾತೇ ಬೇರೆಯಾಗಿದ್ದರೂ ಗಾದೆ ತನ್ನ ಪದವನ್ನು ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಕ್ಕಿಲ್ಲ.

ಆ ತಿದ್ದುವಿಕೆ ಮುಖ್ಯ. ಫ್ರೆಡರಿಕ್ ಬಾರ್ಟ್ಲೆಟ್ 1932ರ ತನ್ನ ಪುಸ್ತಕದಲ್ಲಿ, ಕಥೆಯೊಂದು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೇಗೆ ಸವೆಯುತ್ತದೆ, ಹೇಗೆ ಕೇಳುಗರಿಗೆ ಪರಿಚಿತವಾದ ಆಕಾರಕ್ಕೆ ತಿರುಗುತ್ತದೆ ಎಂದು ತೋರಿಸಿದರು. ಸಾಮಾನ್ಯ ಮಾತಿನಲ್ಲಿ ತಪ್ಪು ನುಸುಳಿದರೆ ಮುಂದಿನವರಿಗೆ ಅದು ತಿಳಿಯುವ ದಾರಿಯೇ ಇಲ್ಲ. ಎರಡು ದಾರದ ಮಾತಿನಲ್ಲಿ ತಪ್ಪಾದ ಜಾಗದಲ್ಲಿ ದನಿ ಎಡವುತ್ತದೆ, ಕಿವಿಗೆ ಅದು ಚುಚ್ಚುತ್ತದೆ, ಮೊದಲ ಸಲ ಕೇಳುವವರೂ ಸರಿಯಾದ ಪದವನ್ನು ಊಹಿಸಬಲ್ಲರು. ನೂರು ಬಾಯಿ ದಾಟಿಯೂ ಗಾದೆ ಸವೆಯದಿರಲು ಜನರ ನೆನಪಿನ ಶಕ್ತಿ ಅರ್ಧ ಕಾರಣ. ಇನ್ನರ್ಧ ಈ ಸ್ವಂತ ರಿಪೇರಿಯ ಗುಣ.

ಕನ್ನಡಕ್ಕೆ ಇಲ್ಲೊಂದು ತನ್ನದೇ ಆದ ಅನುಕೂಲವಿದೆ. ಬಹಳ ಭಾಷೆಗಳಲ್ಲಿ ಪ್ರಾಸ ಸಾಲಿನ ತುದಿಯಲ್ಲಿ ಬರುತ್ತದೆ. ನಮ್ಮ ಹಳೆಯ ಕಾವ್ಯದಲ್ಲಿ ಅದು ಸಾಲಿನ ಆರಂಭದಲ್ಲೇ, ಎರಡನೇ ಅಕ್ಷರದಲ್ಲಿ ಬರುತ್ತದೆ. ಮೊದಲ ಅಕ್ಷರ ಹ್ರಸ್ವವಾದರೆ ಎಲ್ಲ ಸಾಲುಗಳಲ್ಲೂ ಹ್ರಸ್ವ, ದೀರ್ಘವಾದರೆ ದೀರ್ಘ; ಎರಡನೆಯ ವ್ಯಂಜನ ಒಂದೇ. ಒಂಬತ್ತನೇ ಶತಮಾನದ ಕವಿರಾಜಮಾರ್ಗವೇ ಪ್ರಾಸದ ಬಗ್ಗೆ ವಿವರವಾಗಿ ಹೇಳಿದೆ. ಕೆಸರು, ಮೊಸರು ಎರಡನ್ನೂ ಈ ಕಣ್ಣಿನಿಂದ ನೋಡಿ: ಕೆ, ಮೊ ಹ್ರಸ್ವ, ಎರಡನೆಯದು ಸ. ಛಂದಸ್ಸಿನ ಹೆಸರೇ ಕೇಳದ ರೈತರ ಬಾಯಲ್ಲಿ ಆದಿಪ್ರಾಸ ನಿಯಮ ತಪ್ಪದೆ ಕೂತಿದೆ.

ಇನ್ನು ಭೂಸುಧಾರಣೆಯ ಘೋಷಣೆ, ‘ಉಳುವವನೇ ಹೊಲದೊಡೆಯ.’ ಉ-ಳು-ವ-ವ-ನೇ, ಐದು ಅಕ್ಷರ. ಹೊ-ಲ-ದೊ-ಡೆ-ಯ, ಮತ್ತೆ ಐದು. ಎರಡನೇ ಅಕ್ಷರದಲ್ಲಿ ಳ ಮತ್ತು ಲ, ಒಂದಕ್ಕೊಂದು ಹತ್ತಿರದ ದನಿಗಳು. ಹೇಳಿ ಮುಗಿಸಲು ಎರಡು ಸೆಕೆಂಡೂ ಬೇಡ. ‘ಜಮೀನಿನ ಮಾಲೀಕತ್ವ ಸಾಗುವಳಿದಾರನಿಗೇ ಸೇರಬೇಕು’ ಎಂದರೂ ಅರ್ಥ ಅದೇ. ಆ ವಾಕ್ಯವನ್ನು ಮೆರವಣಿಗೆಯಲ್ಲಿ ಕೂಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಬಿಗಿಯುವುದು ದನಿಯ ದಾರ ಒಂದೇ ಅಲ್ಲ. ಅರ್ಥದ ದಾರವೂ ಬಿಗಿಯುವ ಬಗೆಗಳಿವೆ. ಅವುಗಳಲ್ಲಿ ಬಲವಾದದ್ದು ಎದುರುಬದುರು ಜೋಡಿ. ಬ್ರಿಟನ್ನಿನಲ್ಲಿ 1981ರ ಪಕ್ಷ ಸಮಾವೇಶಗಳ 476 ಭಾಷಣಗಳನ್ನು ಜಾನ್ ಹೆರಿಟೇಜ್ ಮತ್ತು ಡೇವಿಡ್ ಗ್ರೇಟ್‌ಬ್ಯಾಚ್ ಪರಿಶೀಲಿಸಿ, ಚಪ್ಪಾಳೆ ಬಿದ್ದ ಜಾಗಗಳನ್ನು ಗುರುತಿಸಿದರು. ಮೂರನೇ ಎರಡು ಭಾಗದಷ್ಟು ಚಪ್ಪಾಳೆ ಬೆರಳೆಣಿಕೆಯ ಕೆಲವು ಮಾತಿನ ಕಟ್ಟುಗಳ ಹಿಂದೆಯೇ ಬಂದಿತ್ತು. ಎದುರುಬದುರು ಜೋಡಿ ಅವುಗಳಲ್ಲಿ ಮುಂಚೂಣಿಯದು. ಜೋಡಿಯ ಮೊದಲ ಭಾಗ ಕೇಳಿದಾಗಲೇ ಎರಡನೆಯದರ ಆಕಾರ ಕೇಳುಗರಿಗೆ ಗೊತ್ತಾಗಿಬಿಡುತ್ತದೆ, ಎಲ್ಲರ ಕೈಗಳೂ ಒಟ್ಟಿಗೆ ಏಳುತ್ತವೆ. ಬಳ್ಳಾರಿಯ ಸಾಲಿನಲ್ಲಿ ಮಗಳು ಎಂದರೆ ಸೊಸೆ ಬರಲೇಬೇಕು. ಸ್ವದೇಶಿ ಎಂದರೆ ವಿದೇಶಿ ಬರಲೇಬೇಕು, ಅದೂ ‘ದೇಶಿ’ ಎಂಬ ಒಂದೇ ದನಿಯೊಡನೆ. ನಾಲ್ಕು ಪದಗಳಲ್ಲಿ ಒಂದೂ ಸಡಿಲವಾಗಿಲ್ಲ.

ದಾರೋಜಿ ಈರಮ್ಮನವರ ಎರಡು ಲಕ್ಷ ಪದ

ಇಲ್ಲಿ ಬಳ್ಳಾರಿ ಸೀಮೆಯವರು ಒಂದು ಪ್ರಶ್ನೆ ಎತ್ತಬೇಕು. ಸಂಡೂರು ತಾಲ್ಲೂಕಿನ ದಾರೋಜಿಯ ಈರಮ್ಮ (1930–2014) ಓದುಬರಹ ಬಲ್ಲವರಲ್ಲ. ಬುರ್ರಕಥಾ ಹಾಡುಗಾರ್ತಿಯಾಗಿ ಕುಮಾರರಾಮನ ಕಥೆಯೂ ಸೇರಿ ಹನ್ನೆರಡು ಜನಪದ ಮಹಾಕಾವ್ಯಗಳು ಅವರಲ್ಲಿದ್ದವು. ಒಟ್ಟು ಎರಡು ಲಕ್ಷ ಪದ ಎಂದು ಹೇಳುತ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಎರಡು ಸೆಕೆಂಡಿನ ಮಿತಿ ಇರುವ ಮಿದುಳು ಇದನ್ನು ಹೇಗೆ ಹೊತ್ತಿತು?

1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಮೌಖಿಕ ಕವಿಗಳನ್ನು ಧ್ವನಿಮುದ್ರಿಸಿ ಇದೇ ಪ್ರಶ್ನೆಗೆ ಉತ್ತರ ಹುಡುಕಿದ್ದರು. ಪದಪದವೂ ಹಿಂದಿನಂತೆಯೇ ಹಾಡಿದೆ ಎಂದು ಗಾಯಕರು ಪ್ರಾಮಾಣಿಕವಾಗಿ ಹೇಳುತ್ತಿದ್ದರು. ಎರಡು ಸಲದ ಹಾಡನ್ನು ಪಕ್ಕದಲ್ಲಿಟ್ಟು ನೋಡಿದರೆ ಸಾಲುಗಳು ಬೇರೆಬೇರೆ. ಕಥೆಯ ಹಾದಿ, ಲಯ, ಮತ್ತೆ ಮತ್ತೆ ಬರುವ ಸಿದ್ಧ ಪದಗುಚ್ಛಗಳು ಅವರೊಳಗಿದ್ದವು. ಹಾಡುವಾಗ ಅವುಗಳಿಂದ ಸಾಲು ಹೊಸದಾಗಿ ಹುಟ್ಟುತ್ತಿತ್ತು. ಮುಂದೆ ರೂಬಿನ್ 1995ರ ತನ್ನ ಪುಸ್ತಕದಲ್ಲಿ ಮಹಾಕಾವ್ಯವನ್ನೂ ಮಕ್ಕಳ ಪ್ರಾಸಪದಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಕಾವ್ಯದಲ್ಲಿ ಅರ್ಥದ ದಾರ ಗಟ್ಟಿ, ದನಿಯ ದಾರ ಸಡಿಲ. ಆದ್ದರಿಂದ ಕಥೆ ಉಳಿಯುತ್ತದೆ, ಪದ ಬದಲಾಗುತ್ತದೆ. ಮಕ್ಕಳ ಎಣಿಕೆಯ ಪ್ರಾಸಪದಗಳಲ್ಲಿ ದನಿ ಎಷ್ಟು ಬಿಗಿಯೆಂದರೆ ಅರ್ಥವಿಲ್ಲದಿದ್ದರೂ ಅಕ್ಷರ ಅಲುಗದು. ನಿಲುನುಡಿ ಇವೆರಡರ ನಡುವಿನ ಜಾಗದಲ್ಲಿದೆ. ಈರಮ್ಮನವರ ಸಾಧನೆಯನ್ನು ಈ ವಿವರಣೆ ಸಣ್ಣದು ಮಾಡುವುದಿಲ್ಲ. ಕಂಠಪಾಠಕ್ಕಿಂತ ಹಾಡುತ್ತಾ ಕಟ್ಟುವುದು ಎಷ್ಟೋ ದೊಡ್ಡ ಕೆಲಸ.

ಗೊತ್ತಿರುವ ಚೌಕಟ್ಟಿನಲ್ಲಿ ಗೊತ್ತಿಲ್ಲದ ಪದ

ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಸುಮಾರು ಸಾವಿರ ಇಂಗ್ಲಿಷ್ ಸಿನಿಮಾಗಳ ಸಂಭಾಷಣೆಯನ್ನು ಕಂಪ್ಯೂಟರಿಗೆ ಕೊಟ್ಟು, ಜನ ನೆನಪಿಟ್ಟ ಸಾಲುಗಳನ್ನು ಅದೇ ಸಿನಿಮಾದ, ಅದೇ ಪಾತ್ರದ, ಅಷ್ಟೇ ಉದ್ದದ ಮರೆತ ಸಾಲುಗಳೊಡನೆ ಹೋಲಿಸಿದರು. ನೆನಪಿನಲ್ಲಿ ನಿಂತ ಸಾಲುಗಳಲ್ಲಿ ಪದಗಳ ಕೂಡಿಕೆ ಅಪರೂಪದ್ದು, ಆದರೆ ವಾಕ್ಯದ ಕಟ್ಟು ತೀರಾ ಸಾಮಾನ್ಯವಾದದ್ದು. ಜೊತೆಗೆ ಅವು ಆ ಸನ್ನಿವೇಶಕ್ಕೆ ಅಂಟಿಕೊಂಡಿರಲಿಲ್ಲ. ಎತ್ತಿ ಬೇರೆಡೆ ಬಳಸಬಹುದಾಗಿತ್ತು.

ಬಳ್ಳಾರಿಯಲ್ಲೇ ಇದಕ್ಕೆ ಉದಾಹರಣೆಗಳಿವೆ. 2010ರ ಜುಲೈ. ವಿಧಾನಸಭೆಯಲ್ಲಿ ಅಕ್ರಮ ಗಣಿಗಾರಿಕೆಯ ವಾಗ್ವಾದ ತಾರಕಕ್ಕೇರಿ, ಬಳ್ಳಾರಿಗೆ ಬನ್ನಿ ನೋಡೋಣ ಎಂಬ ಸವಾಲಿಗೆ ಮುಟ್ಟಿತು. ಸಿದ್ದರಾಮಯ್ಯನವರ ಮುಂದಾಳುತನದಲ್ಲಿ ಕಾಂಗ್ರೆಸ್ಸಿನವರು ಬೆಂಗಳೂರಿನಿಂದ ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್‌ನಲ್ಲಿ ಬಳ್ಳಾರಿ ಮುಟ್ಟಿದರು. ಹೆಸರು ‘ಬಳ್ಳಾರಿ ಚಲೋ.’ ‘ಚಲೋ’ ಎಂಬ ಚೌಕಟ್ಟು ಸುಭಾಷ್‌ಚಂದ್ರ ಬೋಸರ ‘ದಿಲ್ಲಿ ಚಲೋ’ ಕಾಲದಿಂದ ದೇಶದ ಕಿವಿಗೆ ಪರಿಚಿತ. ಅದರಲ್ಲಿ ರಾಜಧಾನಿಯ ಜಾಗಕ್ಕೆ ಒಂದು ಜಿಲ್ಲಾ ಕೇಂದ್ರದ ಹೆಸರು ಬಂದು ಕೂತಿತು. ಅದೇ ವರ್ಷಗಳಲ್ಲಿ ಮಾಧ್ಯಮಗಳಲ್ಲಿ ಹರಡಿದ ‘ರಿಪಬ್ಲಿಕ್ ಆಫ್ ಬಳ್ಳಾರಿ’ಯೂ ಹೀಗೆಯೇ. ದೇಶಗಳಿಗೆ ಮೀಸಲಾದ ಚೌಕಟ್ಟಿನಲ್ಲಿ ಜಿಲ್ಲೆಯ ಹೆಸರು ಬಂದಾಗ, ಇಲ್ಲಿ ಬೇರೆಯದೇ ಕಾನೂನು ನಡೆಯುತ್ತಿದೆ ಎಂಬ ಆರೋಪ ವಿವರಣೆಯಿಲ್ಲದೆ ತಲುಪಿತು. 1971ರಲ್ಲಿ ಇಂದಿರಾ ಗಾಂಧಿ ಎದುರಾಳಿಗಳ ‘ಇಂದಿರಾ ಹಟಾವೋ’ವನ್ನೇ ಎತ್ತಿಕೊಂಡು ಒಂದು ಪದ ಬದಲಿಸಿ ‘ಗರೀಬಿ ಹಟಾವೋ’ ಮಾಡಿದ್ದೂ ಇದೇ ಜಾಣ್ಮೆ.

ಕೆಲವೊಮ್ಮೆ ಒಂದೇ ಪದ ಸಾಕಾಗುತ್ತದೆ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದರು. ಗಲಭೆಗಳಾದವು, ಅವರು ಮಂತ್ರಿಸ್ಥಾನ ಬಿಡಬೇಕಾಯಿತು. ಸಾಹಿತ್ಯದಂಥ ಗೌರವದ ಜಾಗದಲ್ಲಿ ದನದ ಮೇವಿನ ಪದ, ಕೈಯಲ್ಲಿ ಮುಟ್ಟಬಹುದಾದಷ್ಟು ಗಟ್ಟಿಯಾದ ಪದ. ಆ ಭಾಷಣದ ಹಿಂದೆ ಜಾತಿ, ಶಿಕ್ಷಣ, ಯಾರ ಬದುಕು ಸಾಹಿತ್ಯಕ್ಕೆ ಬಂದಿದೆ ಯಾರದು ಬಂದಿಲ್ಲ ಎಂಬ ಗಂಭೀರ ಪ್ರಶ್ನೆಗಳಿದ್ದವು. ಬಹಳ ಜನರಿಗೆ ತಲುಪಿದ್ದು ಆ ಪದ ಮಾತ್ರ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಹೊಲಿಗೆ ಬಿಚ್ಚಿ ನೋಡುವುದು

ನೆನಪಿನಲ್ಲಿ ನಿಲ್ಲುವ ಮಾತು ನಿಜವೆಂದೂ ತೋರುತ್ತದೆ. ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಜೆಸಿಕಾ ತೊಫಿಘ್‌ಬಕ್ಷ್ 2000ದಲ್ಲಿ, ಜನರಿಗೆ ಪರಿಚಯವಿಲ್ಲದ ಪ್ರಾಸದ ಗಾದೆಗಳನ್ನೂ ಅವೇ ಅರ್ಥದ ಪ್ರಾಸವಿಲ್ಲದ ರೂಪಗಳನ್ನೂ ಕೊಟ್ಟು, ಮನುಷ್ಯ ಸ್ವಭಾವದ ಬಗ್ಗೆ ಇವು ಎಷ್ಟು ಸರಿ ಎಂದು ಕೇಳಿದರು. ಪ್ರಾಸವಿದ್ದವಕ್ಕೆ ಹೆಚ್ಚು ಅಂಕ ಬಿತ್ತು. ಅದಕ್ಕೂ ಮೊದಲು 1977ರಲ್ಲಿ ಲಿನ್ ಹ್ಯಾಶರ್ ಮತ್ತು ಸಂಗಡಿಗರು, ಮತ್ತೆ ಮತ್ತೆ ಕೇಳಿದ ಹೇಳಿಕೆ ಹೊಸದಾಗಿ ಕೇಳಿದ್ದಕ್ಕಿಂತ ನಿಜವೆನಿಸುತ್ತದೆ ಎಂದು ತೋರಿಸಿದ್ದರು. ಕಾರಣ ಒಂದೇ. ಮನಸ್ಸಿನಲ್ಲಿ ಸಲೀಸಾಗಿ ಜಾರುವುದನ್ನು ನಾವು ನಿಜದ ಗುರುತೆಂದು ತಿಳಿಯುತ್ತೇವೆ. ಮೆಕ್‌ಗ್ಲೋನ್ ಅವರ ಪ್ರಯೋಗದಲ್ಲೇ ಒಂದು ಪರಿಹಾರವೂ ಸಿಕ್ಕಿತು. ಮಾತಿನ ಸೊಗಸನ್ನೂ ಅದು ಹೇಳುತ್ತಿರುವ ಸಂಗತಿಯನ್ನೂ ಬೇರೆಬೇರೆಯಾಗಿ ನೋಡಿ ಎಂದು ಮುಂಚೆಯೇ ಎಚ್ಚರಿಸಿದಾಗ ಪ್ರಾಸದ ಪ್ರಭಾವ ತಗ್ಗಿತು.

ಆದ್ದರಿಂದ ದನಿಯ ದಾರವನ್ನು ಎಳೆದು ತೆಗೆದು ನೋಡಬೇಕು. ‘ಸ್ವದೇಶಿ ಮಗಳು, ವಿದೇಶಿ ಸೊಸೆ’ಯನ್ನು ಬಿಚ್ಚಿದರೆ ಉಳಿಯುವುದು ಇಷ್ಟು: ಒಬ್ಬ ಅಭ್ಯರ್ಥಿ ಭಾರತದಲ್ಲಿ ಹುಟ್ಟಿದವರು, ಇನ್ನೊಬ್ಬರು ಇಟಲಿಯಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು. ಬಳ್ಳಾರಿಯ ಕುಡಿಯುವ ನೀರು, ಗಣಿ, ಕಾಲುವೆ ಯಾವುದೂ ಅದರಲ್ಲಿಲ್ಲ. 1952ರಿಂದ ಕಾಂಗ್ರೆಸ್ಸಿನ ಕೈಯಲ್ಲಿದ್ದ ಕ್ಷೇತ್ರದಲ್ಲಿ ಸೋನಿಯಾ 56,100 ಮತಗಳಿಂದ ಗೆದ್ದರು. ಆಮೇಲೆ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ಸೋತ ಸುಷ್ಮಾ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಸಾಲು ನೆನಪಿನಲ್ಲಿ ಗೆದ್ದಿತು, ಮತಪೆಟ್ಟಿಗೆಯಲ್ಲಿ ಗೆಲ್ಲಲಿಲ್ಲ.

‘ಉಳುವವನೇ ಹೊಲದೊಡೆಯ’ವನ್ನು ಬಿಚ್ಚಿದರೆ ಒಂದು ಪೂರ್ಣ ವಿಚಾರ ಕೈಯಲ್ಲಿ ಉಳಿಯುತ್ತದೆ. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರ ಅದರ ಹಕ್ಕಿಗಾಗಿ ಫಾರಂ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಹೋಗಬೇಕಿತ್ತು. ಕಾಯ್ದೆಯ ಕಲಮುಗಳನ್ನು ಓದಲಾಗದವರಿಗೂ ಕಾಯ್ದೆಯ ತಿರುಳನ್ನು ಮುಟ್ಟಿಸಿದ್ದು ಈ ಹತ್ತು ಅಕ್ಷರ. ಅರ್ಜಿ ಹಾಕಲು ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಫಾರಮ್ಮಿನ ನಂಬರು, ಮಂಡಳಿಯ ವಿಳಾಸ, ಈ ತಾರೀಖು, ಇವು ಹತ್ತು ಅಕ್ಷರದಲ್ಲಿ ಹಿಡಿಯುವ ಸಂಗತಿಗಳಲ್ಲ. ಅವನ್ನು ಯಾರಾದರೂ ಕೂತು, ಪ್ರಾಸವಿಲ್ಲದ ಮಾತಿನಲ್ಲಿ, ಮನೆ ಮನೆಗೆ ಹೇಳಬೇಕಿತ್ತು.